ಕಡತ ಬಂತು, ಪಟ್ಟಿ ಎಲ್ಲಿ?

ಪ್ರಶ್ನೆ: ಹತ್ತು ವರ್ಷದ ಹಿಂದೆ ಅಳಿಯ ಊರಿಗೆ ಬಂದಿದ್ದಾಗ ಹಳೆಯ ಕಂಪ್ಯೂಟರಿಗೆ ಡಿಶ್ ಕಾರ್ಡ್ ಹಾಕಿ, ಮಿಥ್‌ಬುಂಟು 16.04 ಹೂಡಿ ಕೊಟ್ಟಿದ್ದ. ಚಂದನದಲ್ಲಿ ಬಂದ ಯಕ್ಷಗಾನ, ‘ಥಟ್ ಅಂತ ಹೇಳಿ’, ಸಂಗೀತ ಕಛೇರಿ ಎಲ್ಲ ಅದರಲ್ಲೇ ರೆಕಾರ್ಡ್ ಆಗುತ್ತಿತ್ತು. ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದರೆ ಮಳೆಗಾಲವಿಡೀ ನಮ್ಮ ತಂದೆಯವರಿಗೆ ಅದೇ ಆಟ. ಈಗ ಆ ಪೆಟ್ಟಿಗೆ ಗರಗರ ಸದ್ದು ಮಾಡಿ ತಾನಾಗಿಯೇ ಆಫ್ ಆಗುತ್ತಿದೆ. ಹೊಸ ಮಿನಿ ಪಿಸಿ ತಂದಿದ್ದೇವೆ. ರೆಕಾರ್ಡಿಂಗ್ ಇದ್ದ 2 ಟಿಬಿ ಡಿಸ್ಕನ್ನು ಅದಕ್ಕೆ ಸಿಕ್ಕಿಸಿದರೆ 1021_20160815140000 ಎಂಬಂಥ ಸಂಖ್ಯೆಗಳೇ ಸಾಲುಸಾಲು. ಯಾವುದು ಯಾವ ಪ್ರಸಂಗ ಅಂತ ತಿಳಿಯುವುದು ಹೇಗೆ? ಇದನ್ನೆಲ್ಲ ಬಿಟ್ಟು ಟಿವಿಹೆಡ್‌ಎಂಡ್ ಎಂಬ ಬೇರೆ ತಂತ್ರಾಂಶಕ್ಕೆ ಹೋಗುವುದು ಒಳ್ಳೆಯದೇ?
– ಅಡಕೆ ಕೃಷಿಕರು, ಅಗಲ್ಪಾಡಿ

ಉತ್ತರ: ಮೊದಲು ಒಂದು ಮಾತು: ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ. ನಿಮಗೆ ಬೇಕಾದ ಅರ್ಧ ಆಸ್ತಿ ಇನ್ನೂ ಅದರೊಳಗಿದೆ.

ಮಿಥ್‌ಬುಂಟುವಿನೊಳಗಿನ ರೆಕಾರ್ಡಿಂಗ್ ತಂತ್ರಾಂಶವಾದ ಮಿಥ್‌ಟಿವಿ ವೀಡಿಯೊವನ್ನು ಒಂದು ಕಡೆ ಇಡುತ್ತದೆ. ಅದರ ಶೀರ್ಷಿಕೆ, ವಿವರ, ಎಲ್ಲಿವರೆಗೆ ನೋಡಿದ್ದೀರಿ, ಮುಂದೇನು ರೆಕಾರ್ಡ್ ಆಗಬೇಕು ಎಂಬುದನ್ನೆಲ್ಲ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಬೇರೆಯಾಗಿ ಬರೆದಿಡುತ್ತದೆ. ನೀವು ತಂದದ್ದು ವೀಡಿಯೊ ಮಾತ್ರ. ಡೇಟಾಬೇಸ್ ಸಾಮಾನ್ಯವಾಗಿ ಲಿನಕ್ಸ್ ಇರುವ ಇನ್ನೊಂದು ಡಿಸ್ಕಿನಲ್ಲಿ ಕೂತಿರುತ್ತದೆ. ಹಾಗಂತ ಆ ಸಂಖ್ಯೆಗಳೂ ಪೂರ್ತಿ ಮೂಕವಲ್ಲ. ಮೊದಲಿನ 1021 ಚಾನೆಲಿನ ಗುರುತು. ಆಮೇಲಿನದು 2016ರ ಆಗಸ್ಟ್ 15, 14 ಗಂಟೆ. ಮಧ್ಯಾಹ್ನ ಎರಡು ಗಂಟೆಗೆ ನಾವೇನೂ ರೆಕಾರ್ಡ್ ಮಾಡಲಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳಬೇಡಿ. ಮಿಥ್‌ಟಿವಿಯ 0.26ನೇ ಆವೃತ್ತಿಯಿಂದ ಕಡತದ ಹೆಸರಿನಲ್ಲಿರುವುದು ಯುಟಿಸಿ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ರಾತ್ರಿ 7.30.

ಪೆಟ್ಟಿಗೆ ತಾನಾಗಿ ಆಫ್ ಆಗುವುದಕ್ಕೆ ಬಹಳ ಸಲ ಪ್ರೊಸೆಸರಿನ ಫ್ಯಾನಿನಲ್ಲಿ ತುಂಬಿದ ಧೂಳು, ಇಲ್ಲವೇ ಸೋತ ಪವರ್ ಸಪ್ಲೈ ಕಾರಣ. ನಮ್ಮ ಕಡೆ ಹಲ್ಲಿ, ಇರುವೆಗಳನ್ನೂ ಸೇರಿಸಿಕೊಳ್ಳಿ. ಮುಚ್ಚಳ ತೆಗೆದು, ಒಣಗಿದ ಬ್ರಷ್ಷಿನಿಂದ ಗುಡಿಸಿ, ಪಕ್ಕಕ್ಕೊಂದು ಟೇಬಲ್ ಫ್ಯಾನ್ ಇಟ್ಟು ಚಾಲೂ ಮಾಡಿ. ಅದು ಒಂದು ಗಂಟೆ ಉಸಿರು ಹಿಡಿದರೆ ಸಾಕು. ಮಿಥ್‌ಟಿವಿಯ ಜೊತೆಗೇ ‘ಮಿಥ್‌ಕನ್ವರ್ಗ್ ಬ್ಯಾಕಪ್’ ಎಂಬ ಸ್ಕ್ರಿಪ್ಟ್ ಬರುತ್ತದೆ; ಅದನ್ನು ಓಡಿಸಿದರೆ ಡೇಟಾಬೇಸ್ ಪೂರ್ತಿ ಒಂದು ಸಣ್ಣ ಕಡತವಾಗಿ ಕೈಗೆ ಸಿಗುತ್ತದೆ. ಅದನ್ನು ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಯಾರೂ ಮುಟ್ಟದಂತೆ ಕಪಾಟಿನಲ್ಲಿಡಿ. ಯಾಕೆಂದರೆ ನಿಮ್ಮದು 0.28ನೇ ಆವೃತ್ತಿ. ಹೊಸ ಮಿಥ್‌ಟಿವಿ ಮೊದಲ ಸಲ ಎದ್ದಾಗ ಡೇಟಾಬೇಸನ್ನು ತನ್ನ ಕಾಲಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತದೆ. ಒಮ್ಮೆ ಬದಲಾದದ್ದನ್ನು ಹಳೆಯ ಆವೃತ್ತಿ ಓದುವುದಿಲ್ಲ. ಮಿಥ್‌ಬುಂಟು ತಂಡವಂತೂ 2016ರಲ್ಲೇ ಕೆಲಸ ನಿಲ್ಲಿಸಿತು. ಹೊಸ ಪೆಟ್ಟಿಗೆಗೆ ಸಾಮಾನ್ಯ ಉಬುಂಟು ಅಥವಾ ಡೆಬಿಯನ್ ಹಾಕಿಕೊಳ್ಳಿ.

ಹೆಚ್ಚಿನವರು ಎಡವುವುದು ಕಂಪ್ಯೂಟರಿನ ಹೆಸರಿನಲ್ಲಿ. ಪ್ರತಿ ರೆಕಾರ್ಡಿಂಗಿನ ಎದುರು ಅದು ಯಾವ ಯಂತ್ರದಲ್ಲಿದೆ ಎಂದು ಮಿಥ್‌ಟಿವಿ ಬರೆದಿಟ್ಟಿರುತ್ತದೆ. ಹಳೆಯದಕ್ಕೆ ‘ಚಾವಡಿ’ ಎಂದು ಹೆಸರಿಟ್ಟು ಹೊಸದಕ್ಕೆ ‘ಮಿನಿ’ ಎಂದಿಟ್ಟರೆ ಪಟ್ಟಿಯಲ್ಲಿ ಪ್ರಸಂಗಗಳೆಲ್ಲ ಕಾಣುತ್ತವೆ, ಒತ್ತಿದರೆ ಒಂದೂ ಓಡುವುದಿಲ್ಲ. ಸುಲಭದ ದಾರಿ: ಹೊಸದಕ್ಕೂ ‘ಚಾವಡಿ’ ಎಂದೇ ಹೆಸರಿಡಿ, ಎರಡನ್ನೂ ಒಟ್ಟಿಗೆ ನೆಟ್‌ವರ್ಕಿಗೆ ಜೋಡಿಸಬೇಡಿ. ಬೇರೆ ಹೆಸರೇ ಬೇಕೆಂದರೆ, ಬ್ಯಾಕಪ್ಪನ್ನು ಹೊಸ ಯಂತ್ರಕ್ಕೆ ತುಂಬುವ ರಿಸ್ಟೋರ್ ಸ್ಕ್ರಿಪ್ಟಿನಲ್ಲಿ ಹಳೆಯ ಹೆಸರು, ಹೊಸ ಹೆಸರು ಕೊಟ್ಟು ಬದಲಿಸುವ ಸೌಲಭ್ಯವಿದೆ. ಕಡತಗಳಿರುವ ಫೋಲ್ಡರಿನ ದಾರಿಯೂ ಮೊದಲಿನಂತೆಯೇ ಇರಲಿ. ಅದರ ಒಡೆತನ ‘ಮಿಥ್‌ಟಿವಿ’ ಬಳಕೆದಾರನ ಹೆಸರಿಗೆ ಇದೆಯೇ ನೋಡಿ; ಹೊಸ ವ್ಯವಸ್ಥೆಯಲ್ಲಿ ಆ ಬಳಕೆದಾರನ ಸಂಖ್ಯೆ ಬೇರೆಯಾಗಿರಬಹುದು. ಆಗ ಕಡತ ಕಣ್ಣೆದುರೇ ಇದ್ದರೂ ತೆರೆಯಲು ಅನುಮತಿ ಇರುವುದಿಲ್ಲ.

ಹತ್ತು ವರ್ಷದ ಡಿಸ್ಕನ್ನೇ ನಂಬಿ ಕೂರಬೇಡಿ, ಹೊಸದಕ್ಕೆ ನಕಲು ಮಾಡಿ. 100 ಮೆಗಾಬಿಟ್ಟಿನ ಹಳೆಯ ನೆಟ್‌ವರ್ಕ್ ಮೂಲಕ 2 ಟಿಬಿ ಸಾಗಿಸಲು ಎರಡು ಹಗಲು ಎರಡು ರಾತ್ರಿ ಬೇಕು. ಡಿಸ್ಕನ್ನು ಬಿಚ್ಚಿ ಯುಎಸ್‌ಬಿ 3 ಪೆಟ್ಟಿಗೆಯಲ್ಲಿ ಹಾಕಿ ನೇರ ಜೋಡಿಸಿದರೆ ಒಂದೇ ದಿನದಲ್ಲಿ ಮುಗಿದೀತು. ‘ಆರ್‌ಸಿಂಕ್’ ಬಳಸಿ, ನಡುವೆ ಕರೆಂಟ್ ಹೋದರೂ ಮುಗಿದ ಕಡತಗಳನ್ನು ಬಿಟ್ಟು ಮುಂದುವರಿಯುತ್ತದೆ.

ಡಿಶ್ ಕಾರ್ಡಿನದು ಬೇರೆ ಕಥೆ. ನಿಮ್ಮದು ಪಿಸಿಐ ಕಾರ್ಡಾಗಿದ್ದರೆ ಮಿನಿ ಪಿಸಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಯುಎಸ್‌ಬಿಯ ಡಿವಿಬಿ-ಎಸ್2 ಟ್ಯೂನರ್ ಕೊಳ್ಳಿ. ಚಾಲಕ ತಂತ್ರಾಂಶ ಲಿನಕ್ಸ್ ಕರ್ನಲ್ಲಿನೊಳಗೇ ಇರುವ ಮಾದರಿಯನ್ನೇ ಆರಿಸಿ, ಇಲ್ಲವಾದರೆ ಪ್ರತಿ ಅಪ್‌ಡೇಟಿಗೂ ಅಳಿಯನಿಗೆ ಫೋನು ಮಾಡಬೇಕಾಗುತ್ತದೆ. ಡಿಡಿ ಫ್ರೀ ಡಿಶ್ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ ಬರುತ್ತದೆ, ಆದ್ದರಿಂದ ತಟ್ಟೆ ತಿರುಗಿಸುವ ಕೆಲಸವಿಲ್ಲ. ಆದರೆ ಜಾಗಗಳ ಹರಾಜಿನ ಪ್ರಕಾರ ಚಾನೆಲುಗಳು ಅತ್ತಿತ್ತ ಆಗುತ್ತಿರುತ್ತವೆ. ಡೇಟಾಬೇಸ್ ಕೂತು, ಹಳೆಯ ರೆಕಾರ್ಡಿಂಗ್ ಒಂದಾದರೂ ಓಡಿದ ಮೇಲೆ ಹೊಸದಾಗಿ ಸ್ಕ್ಯಾನ್ ಮಾಡಿ. ಇನ್ನು ಸಿಡಿಲು. ಯುಪಿಎಸ್ ಇದೆ ಎಂದು ಧೈರ್ಯ ಬೇಡ, ಅದು ಕಾಯುವುದು ಕರೆಂಟಿನ ವಯರನ್ನು ಮಾತ್ರ. ಮಾಡಿನ ಮೇಲಿನ ತಟ್ಟೆಯಿಂದ ಬರುವ ಕೇಬಲ್ ಟ್ಯೂನರಿನ ಹೊಟ್ಟೆಗೇ ಹೊಕ್ಕಿರುತ್ತದೆ. ಗುಡುಗು ಶುರುವಾಗುವ ಲಕ್ಷಣ ಕಂಡಾಗಲೇ ಆ ಕೇಬಲಿನ ತಿರುಪನ್ನು ಬಿಚ್ಚಿಡಿ.

ಟಿವಿಹೆಡ್‌ಎಂಡ್ ಹಗುರ, ಸಣ್ಣ ಯಂತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಹೊಸದಾಗಿ ಶುರು ಮಾಡುವವರಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ ಯಂತ್ರ, ಟ್ಯೂನರ್, ತಂತ್ರಾಂಶ ಮೂರನ್ನೂ ಒಂದೇ ದಿನ ಬದಲಿಸಿದರೆ ಕೆಟ್ಟದ್ದು ಯಾವುದು ಎಂದು ಹುಡುಕುವುದರಲ್ಲೇ ಮಳೆಗಾಲ ಮುಗಿಯುತ್ತದೆ. ಮೊದಲು ಮಿಥ್‌ಟಿವಿಯನ್ನೇ ಎಬ್ಬಿಸಿ. ಆಮೇಲೆ ‘ಮಿಥ್‌ಲಿಂಕ್’ ಸ್ಕ್ರಿಪ್ಟ್ ಓಡಿಸಿದರೆ ಸಂಖ್ಯೆಗಳ ಬದಲು ಕಾರ್ಯಕ್ರಮದ ಹೆಸರಿರುವ ಕೊಂಡಿಗಳು ಸಿದ್ಧವಾಗುತ್ತವೆ. ಅವನ್ನು ಕೋಡಿ, ಜೆಲ್ಲಿಫಿನ್ ಯಾವುದರಲ್ಲಾದರೂ ನೋಡಬಹುದು. ಬೇರೆಡೆ ಹೋಗುವ ಮನಸ್ಸಿದ್ದರೆ ಆಗ ಹೋಗಿ. ಒಂದು ಕಿವಿಮಾತು: ಪ್ರಸಾರದ ಪಟ್ಟಿಯಲ್ಲಿ ಬರೇ ‘ಯಕ್ಷಗಾನ’ ಎಂದು ಬಂದಿದ್ದರೆ ಯಾವ ಡೇಟಾಬೇಸೂ ಪ್ರಸಂಗದ ಹೆಸರು ಹೇಳದು. ಪದ್ಯ ಕೇಳಿದ ಕೂಡಲೇ ಪ್ರಸಂಗ, ಭಾಗವತರು ಯಾರೆಂದು ಹೇಳಬಲ್ಲ ತಂದೆಯವರು ಮನೆಯಲ್ಲೇ ಇದ್ದಾರಲ್ಲ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದುಕೊಳ್ಳಿ.

ಪ್ರಶ್ನೆ: ಡಿಟಿಎಚ್ ಕಂಪನಿಯ ರೆಕಾರ್ಡಿಂಗ್ ಪೆಟ್ಟಿಗೆ ಕೆಟ್ಟಿದೆ. ಒಳಗಿನ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಬರುತ್ತದೆಯೇ?
– ಗೃಹಿಣಿ, ಪುತ್ತೂರು

ಉತ್ತರ: ಬರುವುದಿಲ್ಲ. ಹಣ ಕೊಟ್ಟು ನೋಡುವ ಡಿಟಿಎಚ್‌ನಲ್ಲಿ ರೆಕಾರ್ಡಿಂಗ್ ಗೂಢಲಿಪಿಯಲ್ಲೇ ಕೂತಿರುತ್ತದೆ. ಬೀಗದ ಕೈ ಆ ಪೆಟ್ಟಿಗೆ, ಆ ಕಾರ್ಡಿನ ಬಳಿಯೇ ಇರುತ್ತದೆ. ಪೆಟ್ಟಿಗೆಯನ್ನೇ ರಿಪೇರಿ ಮಾಡಿಸಲು ನೋಡಿ. ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಮಾತ್ರ ಒತ್ತಬೇಡಿ.

ಪ್ರಶ್ನೆ: ನಮ್ಮ ಮಾವನವರು 2003ರಲ್ಲಿ ಟಿವಿಯಿಂದ ರೆಕಾರ್ಡ್ ಮಾಡಿದ ತಾಳಮದ್ದಳೆಗಳಿವೆ. ಯೂಟ್ಯೂಬಿಗೆ ಹಾಕಿದರೆ ನಾಲ್ಕು ಜನ ಕೇಳಿಯಾರು. ತೊಂದರೆಯುಂಟೇ?
– ಬದಿಯಡ್ಕದವರು, ಈಗ ಬೆಂಗಳೂರು

ಉತ್ತರ: ಉಂಟು. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ ಪ್ರಕಾರ ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಸಾರ್ವಜನಿಕವಾಗಿ ಹಾಕುವುದು ಅದರೊಳಗೆ ಬರುವುದಿಲ್ಲ. ಪ್ರಸಾರಕರ ಹಕ್ಕು, ಪ್ರಸಾರವಾದ ಮರುವರ್ಷದ ಆರಂಭದಿಂದ 25 ವರ್ಷ. ನಿಮ್ಮ 2003ರದ್ದು 2028ರ ಕೊನೆಗೆ ಮುಗಿಯುತ್ತದೆ. ಆದರೆ ಕಲಾವಿದರಿಗೂ ಹಕ್ಕಿದೆ, ಅದು 50 ವರ್ಷ. ಅರ್ಥಧಾರಿಗಳೂ ಭಾಗವತರೂ ಅದರಲ್ಲಿ ಬರುತ್ತಾರೆ ಎಂಬುದು ನನ್ನ ಅಭಿಪ್ರಾಯ. ಚಾನೆಲಿನವರಿಗೆ ಬರೆದು ಕೇಳಿ. ಕಲಾವಿದರು ಇಲ್ಲದಿದ್ದರೆ ಅವರ ಮನೆಯವರನ್ನು ಕಂಡು ಒಪ್ಪಿಗೆ ಪಡೆಯಿರಿ. ಎಷ್ಟೋ ಮನೆಗಳಲ್ಲಿ ಅವರ ಸ್ವರದ ತುಣುಕೂ ಉಳಿದಿರುವುದಿಲ್ಲ. ಹೋಗುವಾಗ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಕೊಂಡೊಯ್ಯಿರಿ.