ಅಂಗನವಾಡಿಯ ಊಟ ಹಕ್ಕು, ಆಟ-ಪಾಠ?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೋ ಹರಿಹರದಲ್ಲಿ ಗುತ್ತಿಗೆ ಕೆಲಸಕ್ಕೋ ಹೋಗುವ ತಾಯಂದಿರಿಗೆ ಅಂಗನವಾಡಿ ಎಂದರೆ ಮೊದಲು ನೆನಪಾಗುವುದು ಮಗುವಿನ ಊಟ, ಹಾಲು, ಮೊಟ್ಟೆ. ಕಾನೂನಿನ ನೋಟವೂ ಬಹುಪಾಲು ಇದೇ. ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರ ಸಿಗಬೇಕೆಂದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಸೆಕ್ಷನ್ ಕಡ್ಡಾಯವಾಗಿ ಹೇಳುತ್ತದೆ. ಆಟ-ಪಾಠದ ಮಾತು ಬಂದಾಗ ಮಾತ್ರ ದನಿ ತಗ್ಗುತ್ತದೆ. ಸಂವಿಧಾನದ 45ನೇ ವಿಧಿ ರಾಜ್ಯ 'ಪ್ರಯತ್ನಿಸಬೇಕು' ಎನ್ನುತ್ತದೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಸರ್ಕಾರ ವ್ಯವಸ್ಥೆ 'ಮಾಡಬಹುದು' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಈ ವಿಂಗಡಣೆಯನ್ನು ಪುರಾವೆ ಒಪ್ಪುವುದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1970ರ ದಶಕದಲ್ಲಿ ಬಡ ಮಕ್ಕಳಿಗೆ ಐದು ವರ್ಷದವರೆಗೆ ಆಟ-ಪಾಠ, ಊಟ, ವೈದ್ಯಕೀಯ ತಪಾಸಣೆ ಒಂದೇ ಸೂರಿನಡಿ ಸಿಕ್ಕಿತು. ಅವರಲ್ಲಿ ಗಂಡಸರ ರಕ್ತದೊತ್ತಡದ ಮೇಲಿನ ಅಂಕಿ (ಸಿಸ್ಟೊಲಿಕ್) ಮೂವತ್ತರ ಮಧ್ಯದ ವಯಸ್ಸಿಗೆ ಸರಾಸರಿ 126, ಆ ಸೌಲಭ್ಯ ಸಿಗದವರಲ್ಲಿ 143 ಎಂದು 2014ರಲ್ಲಿ 'ಸೈನ್ಸ್' ಪತ್ರಿಕೆ ಪ್ರಕಟಿಸಿತು. 'ಅದು ಊಟದ ಫಲ, ಪಾಠದ್ದಲ್ಲ' ಎಂಬ ಆಕ್ಷೇಪ ಸಹಜ. ಪ್ರಯೋಗ ಸಣ್ಣದು ಎಂಬುದೂ ನಿಜ. ಹೈದರಾಬಾದ್ ಸುತ್ತಲಿನ ಹಳ್ಳಿಗಳ ಅಧ್ಯಯನದಲ್ಲಿ ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಪೂರಕ ಆಹಾರವನ್ನು ಇತರ ಆರೋಗ್ಯ ಸೇವೆಗಳ ಜೊತೆ ಕೊಟ್ಟಲ್ಲಿ, ಮುಂದೆ ಹದಿಹರೆಯದಲ್ಲಿ ಆ ಮಕ್ಕಳ ರಕ್ತನಾಳಗಳ ಬಿಗಿತ ಕಡಿಮೆಯಿದ್ದದ್ದು ಕಂಡಿದೆ. ಊಟದ ಪಾಲು ದೊಡ್ಡದೇ, ಒಪ್ಪೋಣ. ಆದರೆ ಮೂರನ್ನೂ ಒಟ್ಟಿಗೆ ಕೊಟ್ಟಲ್ಲಿ ಕಂಡ ಫಲವನ್ನು ತೋರಿಸಿ, ಒಂದನ್ನು ಕಿತ್ತುಹಾಕಬಹುದು ಎನ್ನಲಾಗದು. ಅಂಗನವಾಡಿಗಳನ್ನು ನಡೆಸುವ, 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್‌ನ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಕಾಗದದ ಮೇಲೆ ಯಾರೂ ಅದನ್ನು ತೆಗೆದಿಲ್ಲ.

ಹಾಗಾಗಿ ಗಟ್ಟಿಯಾಗಿರುವ ಹಕ್ಕನ್ನು ಹಿಡಿದೇ ಉಳಿದದ್ದನ್ನೂ ಕೇಳಬೇಕು. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿರುವ ಕೊಳೆಗೇರಿಯಲ್ಲಿ ಅಂಗನವಾಡಿ ಇಲ್ಲದಿದ್ದರೆ, ನಿವಾಸಿಗಳು ಕೇಳಿದ ಮೂರು ತಿಂಗಳೊಳಗೆ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 13-12-2006ರಂದು ಆದೇಶಿಸಿದೆ. ಅರ್ಜಿಯಲ್ಲಿ ಮಕ್ಕಳ ಹೆಸರು, ವಯಸ್ಸು ಬರೆದು ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ಮೇಜಿನಾಚೆ ದಾಟುವುದಿಲ್ಲ. ಕೇಂದ್ರವಿದ್ದೂ ಊಟ ಸರಿಯಿಲ್ಲದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು, ಬಳಿಕ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ಹಾಜರಿ ಮತ್ತು ದಾಸ್ತಾನು ವಹಿಯ ನಕಲಿಗೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ಅದರಲ್ಲೇ ಶಾಲಾಪೂರ್ವ ಚಟುವಟಿಕೆಯ ದಾಖಲೆ, ಆಟಿಕೆಗಳ ಪಟ್ಟಿಯನ್ನೂ ಕೇಳಿ. ಉತ್ತರಕ್ಕೆ 30 ದಿನ ಗಡುವು. ವಕೀಲರ ನೆರವು ಬೇಕಾದರೆ ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ ಹರಿಹರದ ತಾಲ್ಲೂಕು ಸಮಿತಿಯನ್ನೋ ಕಾಣಬಹುದು. ಮಹಿಳೆಯರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ನೆರವು ಉಚಿತ.