ಸಾಲದ ಹಳಿಗಳು

ರೈಲುಮಾರ್ಗವು ಜನರನ್ನೂ ಸರಕನ್ನೂ ಊರಿಂದೂರಿಗೆ ಸಾಗಿಸುವ ಸಾಧನ. ಆದರೆ ಅದನ್ನು ಹಾಕಲು ಹಣ ಕೊಟ್ಟವರಾರು, ಹಾಕಿದ ಮೇಲೆ ಅದರ ಒಡೆತನ ಯಾರ ಕೈಯಲ್ಲಿ ಉಳಿಯಿತು ಎಂಬ ಪ್ರಶ್ನೆಗಳು ಒಮ್ಮೊಮ್ಮೆ ಸಾಮ್ರಾಜ್ಯವೊಂದರ ಅಳಿವು ಉಳಿವುಗಳನ್ನೇ ನಿರ್ಧರಿಸುತ್ತವೆ. ಚೀನಾದ ಕೊನೆಯ ರಾಜವಂಶವಾದ ಚಿಂಗ್ ಮನೆತನದ ಕಡೆಯ ವರ್ಷಗಳು ಇದಕ್ಕೆ ನಿದರ್ಶನವಾಗಿವೆ.

1876ರಲ್ಲಿ ಬ್ರಿಟಿಷ್ ವರ್ತಕರು ಅನುಮತಿಯಿಲ್ಲದೆ ಶಾಂಘೈಯಿಂದ ವೂಸುಂಗ್‌ವರೆಗೆ ಒಂದು ಚಿಕ್ಕ ರೈಲುಮಾರ್ಗವನ್ನು ಹಾಕಿದರು. ಚೀನಾ ಸರ್ಕಾರ ಅದನ್ನು ಹಣ ಕೊಟ್ಟು ಕೊಂಡು, ಮರುವರ್ಷವೇ ಕಿತ್ತುಹಾಕಿತು. ಹಳಿಗಳ ಹಿಂದೆಯೇ ಪರಕೀಯರ ಅಧಿಕಾರವೂ ಬರುವುದೆಂಬ ಭಯ ಅಂದಿನ ಅಧಿಕಾರಿಗಳನ್ನು ಕಾಡುತ್ತಿತ್ತು. ಆದರೆ 1895ರಲ್ಲಿ ಜಪಾನಿನೆದುರು ಚೀನಾ ಸೋತಾಗ ಪರಿಸ್ಥಿತಿ ಬದಲಾಯಿತು. ದೇಶಕ್ಕೆ ರೈಲು ಬೇಕೇ ಬೇಕೆಂಬುದು ಆಳುವವರಿಗೆ ಮನವರಿಕೆಯಾಯಿತು. ಆದರೆ ಜಪಾನಿಗೆ 20 ಕೋಟಿ ತಾಯಲ್ ಬೆಳ್ಳಿಯನ್ನು ಯುದ್ಧದಂಡವಾಗಿ ತೆರಬೇಕಾಗಿದ್ದ ಬೊಕ್ಕಸದಲ್ಲಿ ಹಣವಿರಲಿಲ್ಲ. ಸಾಲ ಕೊಡಲು ವಿದೇಶಿ ಬ್ಯಾಂಕುಗಳು ತುದಿಗಾಲಲ್ಲಿ ನಿಂತಿದ್ದವು.

1898ರಲ್ಲಿ ಬೀಜಿಂಗ್–ಹಾಂಕೌ ಮಾರ್ಗಕ್ಕಾಗಿ ಬೆಲ್ಜಿಯಮ್ಮಿನ ಕಂಪನಿಯೊಂದರಿಂದ ಸಾಲ ಪಡೆಯಲಾಯಿತು. ಬಡ್ಡಿಯೊಂದೇ ಅದರ ಬೆಲೆಯಾಗಿರಲಿಲ್ಲ. ಸಾಲ ತೀರುವವರೆಗೆ ಮಾರ್ಗದ ಆಡಳಿತವೂ ಲಾಭದಲ್ಲಿ ಒಂದು ಪಾಲೂ ಸಾಲ ಕೊಟ್ಟವರಿಗೇ ಸೇರಿದವು. ಅದೇ ವರ್ಷ ಹಾಂಕೌ–ಕ್ಯಾಂಟನ್ ಮಾರ್ಗದ ಹಕ್ಕನ್ನು ಅಮೆರಿಕದ ಕಂಪನಿಯೊಂದು ಪಡೆಯಿತು. ಕೆಲಸ ಕುಂಟುತ್ತಾ ಸಾಗುತ್ತಿದ್ದಂತೆಯೇ ಆ ಕಂಪನಿಯ ಬಹುಪಾಲು ಷೇರುಗಳು ಬೆಲ್ಜಿಯನ್ನರ ಕೈಸೇರಿದವು. ಇದರಿಂದ ಕೆರಳಿದ ಪ್ರಾಂತ್ಯಗಳ ಗಣ್ಯರು ಹಕ್ಕನ್ನು ಮರಳಿ ಪಡೆಯಬೇಕೆಂದು ಒತ್ತಾಯಿಸಿದರು. ಹುಬೆಯ್ ಮತ್ತು ಹುನಾನ್ ಪ್ರಾಂತ್ಯಗಳ ರಾಜಪ್ರತಿನಿಧಿಯಾಗಿದ್ದ ಝಾಂಗ್ ಝಿದೊಂಗ್ 1905ರಲ್ಲಿ 67.5 ಲಕ್ಷ ಡಾಲರ್ ಕೊಟ್ಟು ಅದನ್ನು ಬಿಡಿಸಿಕೊಂಡನು. ಅದಕ್ಕಾಗಿ ಹಾಂಗ್‌ಕಾಂಗಿನ ಬ್ರಿಟಿಷ್ ಸರ್ಕಾರದಿಂದ ಮತ್ತೆ 11 ಲಕ್ಷ ಪೌಂಡು ಸಾಲ ಮಾಡಬೇಕಾಯಿತು. ಒಂದು ಸಾಲದಿಂದ ಬಿಡುಗಡೆಯಾಗಲು ಇನ್ನೊಂದು ಸಾಲ ಬೇಕಾಗಿತ್ತು!

ಇಂತಹ ಕಹಿ ಅನುಭವಗಳಿಂದ ಚೀನೀ ಅಧಿಕಾರಿಗಳು ಪಾಠ ಕಲಿತರು. 1908ರಲ್ಲಿ ಟಿಯಾಂಜಿನ್–ಪುಕೌ ಮಾರ್ಗಕ್ಕಾಗಿ ಬ್ರಿಟಿಷ್ ಮತ್ತು ಜರ್ಮನ್ ಸಂಸ್ಥೆಗಳಿಂದ 50 ಲಕ್ಷ ಪೌಂಡು ಸಾಲ ಪಡೆದಾಗ, ರೈಲುಮಾರ್ಗವನ್ನು ಒತ್ತೆಯಿಡಲಿಲ್ಲ. ಪ್ರಾಂತ್ಯಗಳ ತೆರಿಗೆಯ ಆದಾಯವನ್ನು ಆಧಾರವಾಗಿ ಕೊಟ್ಟರು. ನಿರ್ಮಾಣವೂ ಆಡಳಿತವೂ ಚೀನಾ ಸರ್ಕಾರದ ಕೈಯಲ್ಲೇ ಉಳಿದವು.

1909ರ ಜೂನ್ ತಿಂಗಳಲ್ಲಿ ಝಾಂಗ್ ಝಿದೊಂಗ್ ಬ್ರಿಟಿಷ್, ಫ್ರೆಂಚ್ ಮತ್ತು ಜರ್ಮನ್ ಬ್ಯಾಂಕುಗಳೊಡನೆ ಹೊಸ ಕರಡು ಒಪ್ಪಂದಕ್ಕೆ ಬಂದನು. ಹಾಂಕೌದಿಂದ ದಕ್ಷಿಣಕ್ಕೆ ಕ್ಯಾಂಟನ್ ಕಡೆಗೂ ಪಶ್ಚಿಮಕ್ಕೆ ಸಿಚುವಾನ್ ಕಡೆಗೂ ಹೋಗುವ ಮಾರ್ಗಗಳಿಗಾಗಿ ಮಾಡಲಿದ್ದ ಈ ಸಾಲಕ್ಕೆ ಹುಗುವಾಂಗ್ ಸಾಲವೆಂದು ಹೆಸರು. ಮರುತಿಂಗಳೇ ಅಮೆರಿಕದ ಅಧ್ಯಕ್ಷ ಟಾಫ್ಟ್, ತನ್ನ ದೇಶದ ಬ್ಯಾಂಕುಗಳಿಗೂ ಪಾಲು ಬೇಕೆಂದು ಚೀನಾದ ರಾಜಪಾಲಕನಿಗೆ ನೇರವಾಗಿ ತಂತಿ ಕಳುಹಿಸಿದನು. ಯಾವ ಭಾಗಕ್ಕೆ ಯಾವ ದೇಶದ ಎಂಜಿನಿಯರು, ಯಾರ ಸಾಮಗ್ರಿ ಎಂಬ ಜಗ್ಗಾಟ ಸುಮಾರು ಎರಡು ವರ್ಷ ನಡೆಯಿತು. ಅಷ್ಟರಲ್ಲಿ ಝಾಂಗ್ ತೀರಿಕೊಂಡಿದ್ದನು. ಕೊನೆಗೆ 1911ರ ಮೇ 20ರಂದು ನಾಲ್ಕು ದೇಶಗಳ ಬ್ಯಾಂಕುಗಳೊಡನೆ 60 ಲಕ್ಷ ಪೌಂಡುಗಳ ಒಪ್ಪಂದಕ್ಕೆ ಸಹಿಯಾಯಿತು. ಬಡ್ಡಿ ನೂರಕ್ಕೆ 5. ಅವಧಿ 40 ವರ್ಷ. ಆದರೆ ನೂರು ಪೌಂಡುಗಳ ಸಾಲಪತ್ರಕ್ಕೆ ಚೀನಾದ ಕೈಸೇರುತ್ತಿದ್ದುದು 95 ಪೌಂಡು ಮಾತ್ರ. ಬಡ್ಡಿ ಕಟ್ಟಬೇಕಾದುದು ಪೂರ್ತಿ ನೂರಕ್ಕೆ. ಹಾಗಿದ್ದರೂ ಆಡಳಿತದ ಹಕ್ಕು ಚೀನಾದ್ದೇ ಆಗಿದ್ದುದರಿಂದ, ಹಳೆಯ ಸಾಲಗಳಿಗಿಂತ ಇದರ ಷರತ್ತುಗಳು ಮೇಲಾಗಿದ್ದವು.

ಬ್ಯಾಂಕುಗಳೊಡನೆ ಇಷ್ಟು ಜಾಣತನದಿಂದ ವ್ಯವಹರಿಸಿದ ಸರ್ಕಾರ ತನ್ನ ಜನರೊಡನೆ ಮಾತನಾಡಲೇ ಇಲ್ಲ. ಸಹಿಗೆ ಹನ್ನೊಂದು ದಿನ ಮೊದಲು, ಸಾರಿಗೆ ಮಂತ್ರಿ ಶೆಂಗ್ ಷುವಾನ್‌ಹ್ವಾಯ್‌ನ ಸಲಹೆಯಂತೆ, ಮುಖ್ಯ ರೈಲುಮಾರ್ಗಗಳೆಲ್ಲ ಸರ್ಕಾರದ ವಶವೆಂದು ರಾಜಾಜ್ಞೆ ಹೊರಟಿತ್ತು. ಸಿಚುವಾನ್ ಪ್ರಾಂತ್ಯದ ಜನರು ಸ್ವಂತ ಹಣದಿಂದ ರೈಲು ಹಾಕಲು 1904ರಿಂದಲೇ ಕಂಪನಿಯೊಂದನ್ನು ನಡೆಸುತ್ತಿದ್ದರು. ಭೂಮಿಯ ಧಾನ್ಯದ ಗೇಣಿಯಿಂದಲೂ ನೂರಕ್ಕೆ ಮೂರರಷ್ಟು ಷೇರು ಹಣವಾಗಿ ವಸೂಲಾಗುತ್ತಿತ್ತು. ಆ ಕಂಪನಿ ಹೆಚ್ಚೇನೂ ಹಳಿ ಹಾಕಿರಲಿಲ್ಲ, ಹಣದ ದುರ್ವ್ಯಯವೂ ಆಗಿತ್ತು ಎಂಬುದು ನಿಜ. ಆದರೆ ಹಣ ತೆತ್ತವರನ್ನು ಒಂದು ಮಾತೂ ಕೇಳದೆ, ಪೂರ್ಣ ಪರಿಹಾರವನ್ನೂ ಕೊಡದೆ ಮಾರ್ಗವನ್ನು ಕಿತ್ತುಕೊಂಡು ಪರದೇಶಿಗಳ ಸಾಲಕ್ಕೆ ಒಪ್ಪಿಸಿದ್ದು ಅವರಿಗೆ ದ್ರೋಹವಾಗಿ ಕಂಡಿತು.

ಜೂನ್ 17ರಂದು ಚೆಂಗ್ಡು ನಗರದಲ್ಲಿ ರೈಲುಮಾರ್ಗ ರಕ್ಷಣಾ ಸಂಘ ಹುಟ್ಟಿತು. ಆಗಸ್ಟ್‌ನಲ್ಲಿ ಅಂಗಡಿಗಳೂ ಶಾಲೆಗಳೂ ಮುಚ್ಚಿದವು. ಪ್ರಾಂತ್ಯವೇ ರೈಲು ಹಾಕಿಕೊಳ್ಳಲು ಒಪ್ಪಿಗೆಯಿತ್ತಿದ್ದ ದಿವಂಗತ ಗುವಾಂಗ್‌ಷು ಚಕ್ರವರ್ತಿಯ ಹೆಸರಿನ ಫಲಕಗಳನ್ನು ಜನರು ಬಾಗಿಲುಗಳಲ್ಲಿಟ್ಟು ಪೂಜಿಸಿದರು. ಸೆಪ್ಟೆಂಬರ್ 7ರಂದು ಪ್ರಾಂತ್ಯಾಧಿಕಾರಿ ಝಾವ್ ಎರ್‌ಫೆಂಗ್ ಸಂಘದ ನಾಯಕರನ್ನು ಬಂಧಿಸಿದನು. ಅವರ ಬಿಡುಗಡೆಯನ್ನು ಬೇಡಲು ಬಂದ ಜನರ ಮೇಲೆ ಗುಂಡು ಹಾರಿತು. ಮೂವತ್ತಕ್ಕೂ ಹೆಚ್ಚು ಮಂದಿ ಮಡಿದರು. ಪ್ರಾಂತ್ಯವೆಲ್ಲ ದಂಗೆಯೆದ್ದಿತು. ಅದನ್ನು ಅಡಗಿಸಲು ಹುಬೆಯ್‌ನಿಂದ ಸೈನ್ಯದ ಒಂದು ಭಾಗವನ್ನು ಕಳುಹಿಸಲಾಯಿತು. ಹೀಗೆ ಕಾವಲು ತೆಳುವಾದ ವುಚಾಂಗ್‌ನಲ್ಲಿ ಅಕ್ಟೋಬರ್ 10ರಂದು ಕ್ರಾಂತಿ ಸ್ಫೋಟಿಸಿತು. 1912ರ ಫೆಬ್ರವರಿ 12ರಂದು ಬಾಲಚಕ್ರವರ್ತಿ ಪೂಯೀಯ ಹೆಸರಿನಲ್ಲಿ ಸಿಂಹಾಸನತ್ಯಾಗದ ಘೋಷಣೆ ಹೊರಟಿತು.

ರೈಲು ಸಾಲವೊಂದರಿಂದಲೇ ಚಿಂಗ್ ಸಾಮ್ರಾಜ್ಯ ಉರುಳಿತೆನ್ನಲಾಗದು; ಅತೃಪ್ತಿಯ ಬೇರುಗಳು ಆಳವಾಗಿದ್ದವು. ಆದರೆ ಅತ್ಯಂತ ಎಚ್ಚರಿಕೆಯಿಂದ ಬರೆದ ಸಾಲಪತ್ರವೂ, ಅದರ ಭಾರ ಹೊರಬೇಕಾದ ಜನರ ಒಪ್ಪಿಗೆಯಿಲ್ಲದಿದ್ದರೆ, ಶೂಲವಾಗಬಲ್ಲುದೆಂದು ಅದು ತೋರಿಸಿಕೊಟ್ಟಿತು. ಮಡಿದವರ ನೆನಪಿಗಾಗಿ 1913ರಲ್ಲಿ ಚೆಂಗ್ಡುವಿನಲ್ಲಿ ಎತ್ತರವಾದ ಸ್ಮಾರಕಸ್ತಂಭವೊಂದನ್ನು ನಿಲ್ಲಿಸಲಾಯಿತು. ಆ ನಗರಕ್ಕೆ ಮೊದಲ ರೈಲುಮಾರ್ಗ ಬಂದುದು 1952ರಲ್ಲಿ.