ಬೋಟಿಗೆ ಹೊರಟ ಹುಡುಗನಿಗೆ

ಮಗಾ, ಆಗಸ್ಟ್ ಒಂದಕ್ಕೆ ಮಲ್ಪೆಯಿಂದ ಬೋಟಿಗೆ ಹೋಗುತ್ತೀಯಂತೆ, ನಿನ್ನ ಅಮ್ಮ ಹೇಳಿದಳು. ಬಲೆ ಬಿಡುವುದು, ಎಳೆಯುವುದು, ಗಾಳಿಯ ದಿಕ್ಕು ನೋಡುವುದು ಎಲ್ಲವನ್ನೂ ಬೋಟು ನಡೆಸುವ ತಂಡೇಲರು ಕಲಿಸುತ್ತಾರೆ. ಆ ಮೀನು ಎಲ್ಲಿಂದ ಬರುತ್ತದೆ ಎನ್ನುವುದನ್ನು ಮಾತ್ರ ನನ್ನಿಂದ ಕೇಳಿಕೊಂಡು ಹೋಗು.

ಭೂಮಿಯ ನೀರಿನಲ್ಲಿ ನೂರಕ್ಕೆ 97 ಪಾಲು ಕಡಲಿನದೇ. ಹಾಗಂತ ಕಡಲು ಇದ್ದಲ್ಲೆಲ್ಲ ಮೀನಿಲ್ಲ. ಬಿಸಿಲು ಇಳಿಯುವುದು ಮೇಲಿನ ಪದರಕ್ಕಷ್ಟೇ. ಸತ್ತ ಜೀವಿಗಳು ಕೊಳೆತು ಆಗುವ ಗೊಬ್ಬರವೋ ಆಳದಲ್ಲಿ ಉಳಿಯುತ್ತದೆ. ಇವೆರಡೂ ಕೂಡಿದಲ್ಲಿ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಟ್ಟುತ್ತದೆ, ಅದನ್ನು ತಿಂದು ಬೂತಾಯಿ ಮೀನು ಬೆಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಇವನ್ನು ಕೂಡಿಸುವುದು ಮುಂಗಾರು. ಗಾಳಿ ದಡದುದ್ದಕ್ಕೂ ಬೀಸುವಾಗ, ಭೂಮಿ ತಿರುಗುತ್ತಿರುವ ಕಾರಣ ಮೇಲಿನ ನೀರು ಪಡುವಣಕ್ಕೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಗೊಬ್ಬರ ಹೊತ್ತು ಏಳುತ್ತದೆ. ಅದೇ ಹೊತ್ತಿಗೆ ಸೀತಾ, ಸ್ವರ್ಣಾ, ನೇತ್ರಾವತಿಯರು ಘಟ್ಟದ ಮಣ್ಣಿನ ಸಾರವನ್ನು ಅಳಿವೆಗೆ ತಂದು ಸುರಿಯುತ್ತಾರೆ. ಅದರಲ್ಲಿರುವ ಸಿಲಿಕಾದಿಂದಲೇ ಡಯಾಟಮ್ ಎಂಬ ಪಾಚಿ ತನ್ನ ಚಿಪ್ಪು ಕಟ್ಟಿಕೊಳ್ಳುತ್ತದೆ. ಹೊಳೆಯ ನೀರು ಕಡಲಿಗೆ ಸೇರಿ ಪೋಲಾಗುತ್ತದೆ ಎಂದು ದೊಡ್ಡವರು ಭಾಷಣ ಮಾಡಿದರೆ ತಲೆಯಾಡಿಸಬೇಡ. ಆ ನೀರಿನ ಋಣ ನಮ್ಮ ಅನ್ನದಲ್ಲಿದೆ.

ಬೂತಾಯಿ ಹೆಚ್ಚಾಗಿ ಮೊಟ್ಟೆ ಇಡುವುದೂ ಮಳೆಗಾಲದಲ್ಲೇ, ಮರಿಗೆ ಮೇವು ಸಿಗುವ ಕಾಲ ನೋಡಿಕೊಂಡು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳು ದಕ್ಕೆಯಲ್ಲಿ ನಿಲ್ಲುವುದು ಬಿರುಗಾಳಿಗೆ ಹೆದರಿ ಮಾತ್ರ ಅಲ್ಲ.

ಇನ್ನು ಲೆಕ್ಕದ ಮಾತು. ಕಡಲಿನಲ್ಲಿ ಮೀನು ಕಿಕ್ಕಿರಿದಿದ್ದರೆ ಮೇವು ಎಲ್ಲಕ್ಕೂ ಸಾಲದು, ಸಂತತಿ ಏರುವುದು ನಿಧಾನವಾಗುತ್ತದೆ. ತೀರಾ ಕಡಿಮೆಯಾದರೆ ಮೊಟ್ಟೆ ಇಡುವ ತಾಯಿಮೀನುಗಳೇ ಇರುವುದಿಲ್ಲ. ಇವೆರಡರ ನಡುವೆ ಇರುವಾಗ ಹೊಸ ಮೀನು ಅತಿ ಹೆಚ್ಚು ಸೇರುತ್ತದೆ. ವರ್ಷಕ್ಕೆ ಎಷ್ಟು ಸೇರಿತೋ ಅಷ್ಟನ್ನೇ ಹಿಡಿದರೆ ಮುಂದಿನ ವರ್ಷವೂ ಬಲೆಗೆ ಬೀಳುತ್ತದೆ. ಅದನ್ನು ಮೀರಿದರೆ, ಮೊದಲ ಕೆಲವು ವರ್ಷ ಏನೂ ಗೊತ್ತಾಗುವುದಿಲ್ಲ. ದೊಡ್ಡ ಎಂಜಿನ್, ದೊಡ್ಡ ಬಲೆ ಹಾಕಿ ಅಷ್ಟೇ ಮೀನು ತರುತ್ತೇವೆ, ಕಡಲು ತುಂಬಿದೆ ಎಂದು ನಂಬುತ್ತೇವೆ. ನನಗೆ ಅತಿ ಹೆಚ್ಚು ಭಯ ಇರುವುದು ಈ ನಂಬಿಕೆಯ ಬಗ್ಗೆ.

ಪಕ್ಕದ ಕೇರಳವನ್ನೇ ನೋಡು. 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಬಿತ್ತು. 2021ರಲ್ಲಿ ಅದು 3,500 ಟನ್ನಿಗೂ ಕೆಳಗಿಳಿಯಿತು. ತಪ್ಪೆಲ್ಲ ಬೋಟಿನವರದೇ ಎಂದು ನಾನು ಹೇಳುವುದಿಲ್ಲ, ಅದು ನ್ಯಾಯವಲ್ಲ. 1940ರ ದಶಕದಲ್ಲಿ, ಯಂತ್ರದ ಬೋಟೇ ಇಲ್ಲದ ಕಾಲದಲ್ಲೂ ಬೂತಾಯಿ ಕೈಕೊಟ್ಟಿತ್ತು. ಎಲ್ ನಿನೋ ವರ್ಷಗಳಲ್ಲಿ ನೀರು ಬಿಸಿಯಾದರೆ ಈ ಮೀನು ಚದುರುತ್ತದೆ. ಆದರೆ ನೀರು ಬಿಸಿಯಾಗಿ ಸಂತತಿ ಸೊರಗಿದ ವರ್ಷವೇ ನಾವು ಮರಿಗಳನ್ನೂ ಗೋರಿ ಫಿಶ್‌ಮೀಲ್ ಕಾರ್ಖಾನೆಗೆ ಹಾಕಿದರೆ, ಮೊಟ್ಟೆಗೆ ಉಳಿಯುವುದು ಯಾವುದು?

ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕಾಡ್ ಮೀನು ಬರಿದಾಗಿ 1992ರಲ್ಲಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಆ ಮೀನು ಮೊಟ್ಟೆಗೆ ಬರಲು ಐದಾರು ವರ್ಷ ಬೇಕು, ಚೇತರಿಸಿಕೊಳ್ಳಲು ದಶಕಗಳೂ ಸಾಲಲಿಲ್ಲ. ನಮ್ಮ ಬೂತಾಯಿ ಸುಮಾರು ಒಂದೇ ವರ್ಷಕ್ಕೆ ಮೊಟ್ಟೆಗೆ ಬರುತ್ತದೆ. ಒಂದು ಸಲ ಮೊಟ್ಟೆ ಇಡಲು ಬಿಟ್ಟರೂ ಸಾಕು, ತಿರುಗಿ ತುಂಬಿಕೊಳ್ಳುವ ಶಕ್ತಿ ಅದಕ್ಕಿದೆ. ಆ ಒಂದು ಅವಕಾಶ ಕೊಡುವುದು ನಿಮ್ಮ ಕೈಯಲ್ಲಿದೆ.

ಹತ್ತು ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ, ಹದಿನಾಲ್ಕಕ್ಕಿಂತ ಸಣ್ಣ ಬಂಗುಡೆ ಹಿಡಿಯಬಾರದು ಎಂದು ಕೇರಳದಲ್ಲಿ ಕಾಯಿದೆಯೇ ಇದೆ. ಆ ಅಳತೆ ನಿನ್ನ ಕಣ್ಣಿಗೂ ಇರಲಿ. ಮರಿ ಹಿಂಡು ಕಂಡರೆ ತಂಡೇಲರಿಗೆ ಮೆಲ್ಲಗೆ ಹೇಳು, ನೀನು ಹೊಸಬ, ವಾದಕ್ಕೆ ನಿಲ್ಲಬೇಡ. ಟ್ರಾಲ್ ಬಲೆಯ ತುದಿಚೀಲಕ್ಕೆ ಚೌಕ ಕಣ್ಣಿನದನ್ನು ಕೇಳು, ಎಳೆಯುವಾಗ ಮಾಮೂಲಿ ಕಣ್ಣು ಮುಚ್ಚಿಕೊಳ್ಳುತ್ತದೆ, ಚೌಕದ್ದು ತೆರೆದೇ ಇರುತ್ತದೆ, ಮರಿ ಪಾರಾಗುತ್ತದೆ. ದೀಪ ಹಾಕಿ ಮೀನು ಸೆಳೆದು ಹಿಡಿಯುವ, 2017ರಿಂದ ನಿಷೇಧವಿರುವ ಲೈಟ್ ಫಿಶಿಂಗಿಗೆ ಕರೆದರೆ, ಎಷ್ಟು ದುಡ್ಡು ಕೊಟ್ಟರೂ ಹೋಗಬೇಡ. ದಕ್ಕೆಗೆ ಬಂದು ಮೀನು ಅಳೆಯುವ ಸಂಶೋಧನಾ ಕೇಂದ್ರದವರು ಎಲ್ಲಿ ಹಿಡಿದಿರಿ, ಎಷ್ಟು ಬಿತ್ತು ಎಂದು ಕೇಳುತ್ತಾರೆ. ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳು, ಕಡಲಿನೊಳಗೆ ಎಷ್ಟಿದೆ ಎಂದು ಅಂದಾಜು ಮಾಡಲು ಅವರಿಗೆ ನಿಮ್ಮ ಮಾತೂ ಬೇಕು.